ಹೊಟ್ಟೆಗಿಲ್ಲದ ಕುದುರೆ

ಮನೆಯ ಕೆಳಗಿನ ಸೈಕಲ್ ರಿಪೇರಿ ಅಂಗಡಿಯ ಶಟರು ಕಿರುಗುಟ್ಟುತ್ತ ಮೇಲೇಳುವ ಹೊತ್ತಿಗೆ ಅತ್ತಿಗೆ ಕಂಪ್ಯೂಟರಿನ ಮುಂದೆ ಕೂತಾಗಿರುತ್ತದೆ. ಅವಳನ್ನು ಹಾಗೆ ಕರೆಯುವ ಹಕ್ಕು ಇರುವುದು ಗಂಡನ ತಂಗಿಗೊಬ್ಬಳಿಗೇ. ಆದರೆ ನೂಲು ತಂದುಕೊಡುವವರು, ಸ್ವೆಟರು ಕೊಳ್ಳುವವರು ಎಲ್ಲರೂ ಕೇಳಿ ಕೇಳಿ ಅದನ್ನೇ ಅವಳ ಹೆಸರಾಗಿಸಿದ್ದಾರೆ.

ಮದುವೆಗೆ ಮುಂಚೆ ಅವಳು ಲಾರಿ ಆಫೀಸೊಂದರಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಕಲಿತದ್ದು ಎಕ್ಸೆಲ್ ಒಂದೇ. ಪರದೆಯ ಮೇಲಿನ ಉಳಿದ ತಂತ್ರಾಂಶಗಳೆಲ್ಲ ಕರೆಯದೆ ಬಂದ ನೆಂಟರಂತೆ ಮುದುಡಿ ಕೂತಿರುತ್ತವೆ. ಅರ್ಜಿ ಬರೆಯಬೇಕೆ, ಎಕ್ಸೆಲ್. ಚಿತ್ರ ಬಿಡಿಸಬೇಕೆ, ಅದೂ ಅಲ್ಲೇ. ಗಂಡನ ರಜಾ ಅರ್ಜಿಯನ್ನೂ ಅದರ ಚೌಕಗಳಲ್ಲೇ ಟೈಪು ಮಾಡಿಕೊಟ್ಟಾಗ ಅವನು ಅಂದಿದ್ದ: "ನಮ್ಮ ಸಾಹೇಬ್ರು ರಜೆ ಕೊಡ್ತಾರೋ, ಕೂಡಿಸಿ ಕಳೆದು ಉತ್ತರ ಬರೀತಾರೋ!"

ಸ್ವೆಟರಿನ ಚಿತ್ತಾರಕ್ಕಂತೂ ಅದಕ್ಕಿಂತ ಒಳ್ಳೆಯದು ಅವಳಿಗೆ ಕಂಡಿರಲಿಲ್ಲ. ಒಂದು ಚೌಕವೆಂದರೆ ನೂಲಿನ ಒಂದು ಕುಣಿಕೆ. ಕುಣಿಕೆಗೆ ಎತ್ತರಕ್ಕಿಂತ ಅಗಲ ಹೆಚ್ಚು. ಹಾಗಾಗಿ ಅತ್ತಿಗೆ ತನ್ನ ಚೌಕಗಳನ್ನೂ ಅದೇ ಅಳತೆಗೆ ಅಗಲಿಸಿಟ್ಟಿದ್ದಳು. ಪರದೆಯ ಮೇಲೆ ಕಂಡದ್ದೇ ಎದೆಯ ಮೇಲೂ ಕಾಣಬೇಕು. ಅವಳು ಬಣ್ಣ ತುಂಬಿಕೊಟ್ಟರೆ ನಾದಿನಿ ಪಕ್ಕದ ಕೋಣೆಯ ಹೆಣಿಗೆ ಯಂತ್ರದಲ್ಲಿ ಸಾಲು ಸಾಲಾಗಿ ನೋಡಿಕೊಂಡು ಹೆಣೆಯುತ್ತಿದ್ದಳು.

ನಾದಿನಿ ಗಾರ್ಮೆಂಟ್ ಕಾರ್ಖಾನೆಯ ಕೆಲಸ ಬಿಟ್ಟದ್ದು ಅತ್ತಿಗೆಯ ಮಾತು ನಂಬಿ. ಈಗ ಶಾಲೆಯೊಂದರ ಆಟದ ಮೇಷ್ಟ್ರು ತಮ್ಮ ತಂಡದ ಮಕ್ಕಳಿಗೆ ಕೆಂಪು ಸ್ವೆಟರು, ಅದರ ಎದೆಯ ಮೇಲೆ ಬಿಳಿ ಕುದುರೆ ಬೇಕೆಂದಿದ್ದರು. ಚೆನ್ನಾಗಿ ಬಂದರೆ ಇಡೀ ಶಾಲೆಯ ಸ್ವೆಟರು ಇವರಿಗೇ. ಇಲ್ಲವಾದರೆ ನಾದಿನಿ ಮತ್ತೆ ಕಾರ್ಖಾನೆಯ ಗೇಟಿಗೆ. ಅಲ್ಲಿನ ಸೂಪರ್‌ವೈಸರನ ಬೈಗುಳ ನೆನೆದರೆ ಅವಳಿಗೆ ಈಗಲೂ ಊಟ ಸೇರುವುದಿಲ್ಲ.

ಕುದುರೆ ಬಿಡಿಸಿ ಮುಗಿಸಿದ ದಿನವೇ ಮನೆಯ ಅಡುಗೆಮನೆಗೆ ಕಪಾಟು ಮಾಡಲು ಒಪ್ಪಿದ್ದ ಬಡಗಿ ಅದರ ನಕ್ಷೆ ಕೇಳಿದ. ಅತ್ತಿಗೆ ಅದನ್ನೂ ಅದೇ ಹಾಳೆಯಲ್ಲಿ, ಕುದುರೆಯ ಕಾಲ ಕೆಳಗೇ ಬಿಡಿಸಿದಳು. ನಕ್ಷೆ ಒಂದು ಕಾಗದದಲ್ಲಿ ಹಿಡಿಯಲಿಲ್ಲ. ಚೌಕಗಳ ಅಗಲ ಕುಗ್ಗಿಸಿ, ಪ್ರಿಂಟ್ ತೆಗೆದು ಕೊಟ್ಟಳು. ಅಷ್ಟೇ, ಮರೆತಳು.

ಮರುದಿನ ತೆರೆದರೆ ಕುದುರೆ ಹೊಟ್ಟೆಗಿಲ್ಲದಂತೆ ಸೊರಗಿ ನಿಂತಿದೆ. ನಿನ್ನೆ ನನ್ನ ಕಣ್ಣಿಗೇನಾಗಿತ್ತು ಎಂದುಕೊಂಡು ಅವಳು ಎದೆಗೊಂದಿಷ್ಟು, ಹಿಂಭಾಗಕ್ಕೊಂದಿಷ್ಟು, ಕುತ್ತಿಗೆಯ ಎರಡೂ ಬದಿಗೆ ಇನ್ನೊಂದಿಷ್ಟು ಬಿಳಿ ಚೌಕ ಸೇರಿಸಿ ಮೈತುಂಬಿಸಿದಳು. ನಾದಿನಿಯ ಕೈಗೆ ಹೋದದ್ದು ಆ ಕುದುರೆ.

ಯಂತ್ರದಿಂದ ಇಳಿದ ತುಂಡು ಸುರುಳಿ ಸುತ್ತಿಕೊಳ್ಳುತ್ತದೆ. ಹಬೆಯ ಇಸ್ತ್ರಿ ಬೀಳುವವರೆಗೆ ಚಿತ್ರ ಕಾಣುವುದಿಲ್ಲ. ತಂಡಕ್ಕಾಗುವಷ್ಟನ್ನೂ ಹೆಣೆದು ಮುಗಿಸಿದ ಮೇಲೆ ನಾದಿನಿ ಇಸ್ತ್ರಿ ಹಿಡಿದಳು.

"ಅತ್ತಿಗೆ, ಸ್ವಲ್ಪ ಬನ್ನಿ. ಮೇಷ್ಟ್ರು ಕೇಳಿದ್ದು ಕುದುರೆ ತಾನೇ?"

"ಹೂಂ, ಯಾಕೆ?"

"ಇದು ಜೂಲು ಬಿಟ್ಟಿರೋ ಹಂದಿ."

ಅತ್ತಿಗೆಗೆ ನಗು ಬಂತು. ನಾದಿನಿಯ ಮುಖ ನೋಡಿದೊಡನೆ ಅದನ್ನು ತಡೆದುಕೊಂಡಳು. ಓಡಿಹೋಗಿ ಕಂಪ್ಯೂಟರಿನಲ್ಲಿ ಚೌಕದ ಅಗಲ ನೋಡಿದಳು. ಕೆಳಗೆ ಕಪಾಟು ತಣ್ಣಗೆ ಕೂತಿತ್ತು. ಅದಕ್ಕಾಗಿ ಚೌಕ ಕುಗ್ಗಿಸಿದ್ದರಿಂದ ಮೇಲಿದ್ದ ಕುದುರೆಯೂ ಪರದೆಯಲ್ಲಿ ಬಡವಾಗಿತ್ತು. ನೂಲಿಗೇನು ಗೊತ್ತು ಕಪಾಟಿನ ಸುದ್ದಿ, ಅದು ತನ್ನ ಅಗಲಕ್ಕೇ ಹೆಣೆದುಕೊಂಡಿತ್ತು.

"ಕಂಪ್ಯೂಟರ್ ಕೆಟ್ಟೋಯ್ತು ಅಂದ್ಬಿಡಿ," ಎಂದಳು ನಾದಿನಿ. "ಯಾರು ಬಂದು ನೋಡ್ತಾರೆ?"

"ಅದು ಪಾಪ ಏನು ಮಾಡುತ್ತೆ? ತಿನ್ನಿಸಿ ಕೊಬ್ಬಿಸಿದವಳು ನಾನು. ಸುಳ್ಳು ಹೇಳಿದ್ರೆ ಆಮೇಲೆ ಇಡೀ ಶಾಲೆ ಕೆಲಸ ಯಾವ ಮುಖ ಇಟ್ಕೊಂಡು ಕೇಳ್ಲಿ?"

"ನಿಜ ಹೇಳಿದ್ರೆ ಮಾತ್ರ ಕರೆದು ಕೊಡ್ತಾರಾ? ನಾನು ಮತ್ತೆ ಆ ಗೇಟ್ ಮುಂದೆ ನಿಲ್ಲಲ್ಲ, ಈಗಲೇ ಹೇಳಿದ್ದೀನಿ."

"ನಿಲ್ಲಿಸಲ್ಲ ಕಣೇ. ಬಯ್ಯೋದಾದ್ರೆ ನನ್ನನ್ನ ಬಯ್ಯಲಿ."

ಅತ್ತಿಗೆ ಕಪಾಟನ್ನು ಅಳಿಸಿದಳು. ಚೌಕಗಳನ್ನು ಹಳೆಯ ಅಗಲಕ್ಕೆ ಎಳೆದು, ಸೇರಿಸಿದ್ದನ್ನೆಲ್ಲ ತೆಗೆದಳು. ಕುದುರೆ ಮತ್ತೆ ಕುದುರೆಯಾಯಿತು. ಅದರ ಪ್ರಿಂಟನ್ನೂ ಒಂದು ಹಂದಿಯನ್ನೂ ಚೀಲಕ್ಕೆ ತುರುಕಿ ಬಾಗಿಲಿಗೆ ನಡೆದಳು.

"ಮತ್ತೆ ಹೆಣೆಯೋವರೆಗೂ ಮೇಷ್ಟ್ರು ಕಾಯೋಕಾಗಲ್ಲ ಅಂದ್ರೆ, ಅತ್ತಿಗೆ?"

"ಕಾಯ್ತಾರೆ. ನೀನು ಬಿಚ್ಚೋಕೆ ಶುರು ಮಾಡು, ನೂಲು ಹರೀಬೇಡ. ಹಾಗೂ ಅವರು ಒಪ್ಪದೇ ಇದ್ರೆ, ನಾನೇ ಆ ಮಕ್ಕಳ ಹತ್ರ ಹೋಗಿ, ತಪ್ಪು ನಂದು, ಸ್ವಲ್ಪ ದಿನ ತಾಳಿ ಅಂತ ಕೇಳ್ಕೋತೀನಿ," ಎನ್ನುತ್ತಲೇ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಹೋದಳು.