ಗೋದಾಮಿನ ಬಿಸಿಲುಕೋಲು

ಅನುಮಾನಪಡುವುದಕ್ಕೇ ನನಗೆ ಸಂಬಳ ಬರುತ್ತಿತ್ತು. ಸಿಂಧನೂರಿನಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ನಾನು ಗುಮಾಸ್ತ. ಗೇಟಿನಲ್ಲಿ ಎಲ್ಲರ ಬುತ್ತಿಗಂಟು ಬಿಚ್ಚಿಸಿ, ಕಡ್ಡಿಪೆಟ್ಟಿಗೆ ಇದ್ದರೆ ಕಿತ್ತುಕೊಳ್ಳುತ್ತಿದ್ದೆ. ಹಿಂದಿನ ವರ್ಷ ಗೋದಾಮಿಗೆ ಬೆಂಕಿ ಬಿದ್ದು ಅರ್ಧ ಅರಳೆ ಸುಟ್ಟುಹೋಗಿತ್ತು. ಕಾವಲುಗಾರ ಆದಪ್ಪನೇ ಬೀಡಿ ಸೇದಿ ಎಸೆದಿರಬೇಕೆಂದು ನಾನು ಹೇಳಿದೆ, ಸಾವುಕಾರರು ಅವನನ್ನು ಓಡಿಸಿದರು.

ಅವನ ಜಾಗಕ್ಕೆ ಸಾವಿರದೊಂಬೈನೂರ ಅರವತ್ತೆಂಟರಲ್ಲಿ ವಳಕಮದಿನ್ನಿಯ ತಾಯಪ್ಪ ಬಂದ. ಕುರಿ ಕಾಯುತ್ತಿದ್ದವನು. ಕಾಲುವೆ ಬಂದು ಮೇವಿನ ನೆಲವೆಲ್ಲ ಭತ್ತದ ಗದ್ದೆಯಾದ ಮೇಲೆ ಕುರಿ ಮಾರಿದ್ದ. ಅವನಿಗೂ ಹೆಂಡತಿ ಯಮನೂರಮ್ಮನಿಗೂ ಈ ಕೆಲಸವೇ ಆಧಾರ.

ಬಂದ ವಾರಕ್ಕೇ ಅವನ ನಡೆ ನನಗೆ ಸರಿಕಾಣಲಿಲ್ಲ. ಅಂಗೈಯಗಲದ ಕನ್ನಡಿ ಚೂರು ಹಿಡಿದು, ಅರಳೆ ಒತ್ತಿ ಕಟ್ಟಿದ ಅಂಡಿಗೆಗಳ ಮೇಲೆ ಹತ್ತುತ್ತಿದ್ದ. ಚಾವಣಿಯ ತಗಡಿನ ತೂತಿನಿಂದ ಬಿದ್ದ ಬಿಸಿಲನ್ನು ಅದರಲ್ಲಿ ಹಿಡಿದು, ಗೋದಾಮಿನ ಆ ತುದಿಯ ಗೋಡೆಗೆ ಬಿಡುತ್ತಿದ್ದ. ಮೊದಲ ದಿನ ಆ ಬೆಳಕಿನ ಗೆರೆಯನ್ನು ತಗಡಿನ ಕೆಳಗೇ ಇಟ್ಟ. ಮರುದಿನ ಒಂದು ಮಾರು ಇಳಿಸಿ, ಕನ್ನಡಿಯನ್ನು ಅಂಡಿಗೆಯ ಮೇಲೇ ಆನಿಸಿಟ್ಟ.

"ಏನ್ ಅಳಿಯಾಕತ್ತಿಯೋ ತಾಯಪ್ಪ?"

"ಹೊಗಿ ಎಲ್ಲಿ ನಿಂದ್ರತೈತಿ ಅಂತ ನೋಡಾಕತ್ತೀನ್ರಿ. ಹೊಗಿ ಅಡ್ಡ ಬಂದ್ರ ಬಿಸಿಲುಕೋಲು ಬೆಳ್ಳಗ ದಪ್ಪ ಕಾಣತೈತಿ."

"ಹೊಗಿ ಮ್ಯಾಲ ಹೋಗತೈತಿ. ನೀ ಯಾಕ ಕೆಳಗ ಇಡ್ತಿ?"

"ತಗಡು ಕಾದಾಗ ಅಲ್ಲೀತನ ಹೋಗಂಗಿಲ್ರಿ, ನಡುವ ಹಾಸಿಕೊಂಡು ನಿಂದ್ರತೈತಿ. ಕುರಿ ದೊಡ್ಡ್ಯಾಗ ನೊಣಕ್ಕ ಹೊಗಿ ಹಾಕಿದಾಗ ನೋಡೀನಿ. ಇನ್ನೂ ಕೆಳಗ ಇಟ್ರ ಅರಳಿ ಧೂಳು ಹೊಗಿ ಹಾಂಗ ಕಂಡು ಮೋಸ ಮಾಡತೈತಿ."

ಉತ್ತರ ತಯಾರಾಗಿಟ್ಟುಕೊಂಡವರನ್ನು ನಾನು ನಂಬುವುದಿಲ್ಲ. ಅಂದಿನಿಂದ ಅವನ ರುಮಾಲನ್ನೂ ಬಿಚ್ಚಿಸಿ ನೋಡಿದೆ. ಒಂದು ಮಧ್ಯಾಹ್ನ ಆ ಬೆಳಕು ಗೋಡೆಯ ಕಿಂಡಿಯಿಂದ ಹೊರಬಿದ್ದು, ರಸ್ತೆಯಲ್ಲಿ ನಿಂತ ಲಾರಿಯ ಮೇಲೆ ಮಿನುಗಿತು. ಕಳ್ಳರಿಗೆ ಸನ್ನೆ ಮಾಡುತ್ತಿದ್ದಾನೆಂದು ಸಾವುಕಾರರಿಗೆ ಹೇಳಿದೆ. ಅಲ್ಲೇ ಅವನ ಕೆಲಸ ಹೋಯಿತು.

"ಕನ್ನಡಿ ಸರಿಸಬ್ಯಾಡ್ರಿ," ಎಂದಷ್ಟೇ ಹೇಳಿ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟ.

ಸರಿಸಲೆಂದೇ ನಾನು ಅಂಡಿಗೆ ಹತ್ತಿದೆ. ಬಿಸಿಲುಕೋಲು ಬಿಳಿ ಹಗ್ಗದಷ್ಟು ದಪ್ಪಗಿತ್ತು. ಮೇಲೆ ತಗಡಿನ ಕೆಳಗೆ ಹೊಗೆಯ ಸುಳಿವೇ ಇರಲಿಲ್ಲ.

ಕೂಗಿ ಜನ ಸೇರಿಸಿದೆ. ಹೊಗೆಯಾಡುತ್ತಿದ್ದ ಅಂಡಿಗೆಯನ್ನು ಅಂಗಳಕ್ಕೆ ಎಳೆದು ಸೀಳಿದರೆ ನಟ್ಟನಡುವೆ ಕೆಂಡ. ಜಿನ್ನಿನ ಯಂತ್ರಕ್ಕೆ ಕಲ್ಲು ಸಿಕ್ಕು ಹಾರಿದ ಕಿಡಿಯನ್ನು ಅರಳೆಯ ಸಮೇತ ನಾವೇ ಒತ್ತಿ ಕಟ್ಟಿದ್ದೆವು.

"ಹೊಗಿ ಬರೂದು ಅವಗ ಹ್ಯಾಂಗ ಗೊತ್ತಿತ್ತು? ಅವನೇ ಹಚ್ಚ್ಯಾನ," ಎಂದರು ಸಾವುಕಾರರು.

"ದಿನಾ ಅವನ ರುಮಾಲು ಬಿಚ್ಚಿಸಿ ನೋಡಿದವ ನಾನ್ರಿ. ಒಂದು ಕಡ್ಡೀನೂ ಇರಲಿಲ್ಲ. ಕೆಂಡ ಅಂಡಿಗಿ ಹೊಟ್ಟ್ಯಾಗ ಐತಿ, ನೋಡ್ರಿ." ಸಾವುಕಾರರು ಕೆಂಡ ನೋಡಿ ಒಪ್ಪಿಕೊಂಡರು.

ಮರುದಿನ ನಾನೇ ಅವನನ್ನು ಕರೆತಂದೆ. ಗೇಟಿಗೆ ಬಂದವನೇ ತಾನಾಗಿ ಎರಡೂ ಕೈ ಮೇಲೆತ್ತಿ ನಿಂತ. ನನಗೆ ಅವನನ್ನು ಮುಟ್ಟಲಾಗಲಿಲ್ಲ.

"ಹೋದ ವರ್ಷದ ಬೆಂಕೀನೂ ಹಿಂಗ ಹತ್ತಿತ್ತೇನ್ರಿ?" ಎಂದು ಕೇಳಿದ. "ಆದಪ್ಪ ಮಸ್ಕ್ಯಾಗ ಅದಾನ್ರಿ. ಕಲ್ಲು ಒಡಿಯಾಕತ್ತಾನ. ಬೆಂಕಿ ಹಚ್ಚಿದಾಂವ ಅಂತ ಯಾರೂ ಬ್ಯಾರೆ ಕೆಲ್ಸ ಕೊಡವಲ್ರು."

ತಾಯಪ್ಪ ಮುಂದೆ ಹನ್ನೊಂದು ವರ್ಷ ಬಿಸಿಲು ಸರಿದಂತೆ ಆ ಕನ್ನಡಿ ತಿರುಗಿಸುತ್ತ ಅಲ್ಲೇ ಕಾವಲಿದ್ದ. ಮಸ್ಕಿ ಬಸ್ಸು ದಿನಾ ನಮ್ಮ ಗೇಟಿನ ಮುಂದೆಯೇ ಹೋಗುತ್ತಿತ್ತು. ನಾನು ಒಂದು ದಿನವೂ ಹತ್ತಲಿಲ್ಲ.