ಯೇಸುವಿಗೆ ಆಧಾರ, ಲೂರ್ದಮ್ಮನಿಗೆ ಎಡೆ

ಯಾರು ಏನು ಹೇಳಿದರೂ "ಇದಕ್ಕೆ ಆಧಾರ ಏನು?" ಎಂದು ಕೇಳುವ ಗಂಡಸಿನ ಜೊತೆ ಸಂಸಾರ ಮಾಡುವುದು ಬಲು ಕಷ್ಟ. ಇದು ನನ್ನ ಮಾತಲ್ಲ, ನನ್ನ ಹೆಂಡತಿ ಸಾವಿತ್ರಿಯದು. ನಾನು ನೌಕರಿಯುದ್ದಕ್ಕೂ ಇತಿಹಾಸ ಪಾಠ ಮಾಡಿದವನು. ಸಾರಿಗೆ ಉಪ್ಪು ಸರಿಯಾಗಿದೆ ಎಂದು ಅವಳು ಹೇಳಿದರೂ ಒಂದು ತೊಟ್ಟು ನಾಲಗೆಗೆ ಹಾಕಿಕೊಂಡೇ ಒಪ್ಪುವವನು. ನೆಂಟರನ್ನು ದೊಡ್ಡಗದ್ದವಳ್ಳಿಯ ಗುಡಿಗೆ ಕರೆದುಕೊಂಡು ಹೋದರೆ ಅವರೆಲ್ಲ ಲಕ್ಷ್ಮೀದೇವಿಗೆ ಕೈಮುಗಿಯುವ ಹೊತ್ತಿಗೆ ನಾನು ಹೊರಗೆ ಶಾಸನದ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತೇನೆ. "ದೇವ್ರು ಈ ಕಡೆ ಐತೆ ಕಣ್ರೀ" ಎಂದು ಸಾವಿತ್ರಿ ಬಂದು ಎಬ್ಬಿಸಬೇಕು.

ಇಂಥವನು ಹಾಸನದ ಸೀಮೆಯಲ್ಲಿ ಹುಟ್ಟಬಾರದಿತ್ತು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ಮೂರು ಊರುಗಳಲ್ಲೂ ಇದ್ದು ಬಂದಿದ್ದೇನೆ. ಸುತ್ತಮುತ್ತ ಪಾಂಡವರು ಅಡುಗೆ ಮಾಡಿಕೊಂಡು ಉಣ್ಣದ ಬಂಡೆ ಒಂದನ್ನೂ ಕಾಣಲಿಲ್ಲ. ಒಂದು ಕಡೆ ಭೀಮ ಮುದ್ದೆ ತೊಳಸಿದ ಗುಂಡಿ, ಇನ್ನೊಂದು ಕಡೆ ದ್ರೌಪದಿ ಅರಿಶಿನ ತೇದ ಕಲ್ಲು. ಪಾಪ, ಅವರ ವನವಾಸವೆಲ್ಲ ನಮ್ಮ ತಾಲ್ಲೂಕುಗಳಲ್ಲಿ ಒಲೆ ಹೂಡುವುದರಲ್ಲೇ ಕಳೆದಿರಬೇಕು. ಆಧಾರ ಕೇಳಿದರೆ ಊರಿನವರು ನನ್ನನ್ನೇ ಕನಿಕರದಿಂದ ನೋಡಿ, ಎಳನೀರು ಕೊಟ್ಟು ಕಳಿಸುತ್ತಿದ್ದರು.

ಈ ಚಾಳಿಯನ್ನು ನಗುನಗುತ್ತ ಸಹಿಸಿಕೊಂಡವನು ಇನ್ನಾಸಪ್ಪ ಒಬ್ಬನೇ. ನನ್ನ ಜೊತೆ ಕೆಲಸ ಮಾಡಿದ ಡ್ರಿಲ್ ಮೇಷ್ಟ್ರು, ಈಗ ಹಾಸನದಲ್ಲಿ ನಮ್ಮ ಹಿಂದಿನ ಬೀದಿಯವನು. ಅವನ ಹಿರೀಕರು ಶೆಟ್ಟಿಹಳ್ಳಿ ಕಡೆಯವರು, ತಲೆಮಾರುಗಳಿಂದ ಕ್ರೈಸ್ತರು. ಅಣೆಕಟ್ಟಿನ ಹಿನ್ನೀರಿನಲ್ಲಿ ನಿಂತಿರುವ ಅಲ್ಲಿನ ಪಾಳು ಚರ್ಚಿನ ಮುಂದೆ ಮದುವೆ ಜೋಡಿಗಳು ಫೋಟೋ ಹೊಡೆಸಿಕೊಳ್ಳುವುದನ್ನು ಕಂಡರೆ ಅವನಿಗೆ ಇಂದಿಗೂ ಸಿಡಿಮಿಡಿ. ಬೆಳಿಗ್ಗೆ ಪಾರ್ಕಿನಲ್ಲಿ ಇಬ್ಬರೂ ಸುತ್ತು ಹಾಕುವಾಗ ನಾನು ಕೆಣಕುತ್ತಿದ್ದೆ: "ನಿಮ್ಮ ಯೇಸು ನೀರಿನ ಮೇಲೆ ನಡೆದದ್ದಕ್ಕೆ ಆಧಾರ ಏನಯ್ಯ?" ಅವನು ನಿಲ್ಲದೆಯೇ ಉತ್ತರ ಕೊಡುತ್ತಿದ್ದ: "ನಿಮ್ ಅನುಮಪ್ಪ ಲಂಕೆಗೆ ಆರ್ದಾಗ ಪಾಸ್‌ಪೋರ್ಟ್ ತಕ್ಕಂಡಿದ್ನಾ ಮೇಷ್ಟ್ರೇ?" ಆಮೇಲೆ ಅವನ ಮನೆಗೆ ಹೋಗಿ ಕಾಫಿ. ಅವನ ಹೆಂಡತಿ ಲೂರ್ದಮ್ಮ ಲೋಟವನ್ನೂ ಅವನ ಬಿ.ಪಿ. ಮಾತ್ರೆಯನ್ನೂ ಮುಂದಿಟ್ಟು, "ಸಾಮಿಗಳ್ನ ಅವ್ರ ಪಾಡಿಗೆ ಬುಡಿ, ಕಾಪಿ ಆರೋಯ್ತದೆ" ಎಂದು ಗದರುತ್ತಿದ್ದಳು.

ಹೋದ ವರ್ಷ ದಸರೆ ಕಳೆದ ಮೇಲೆ ಲೂರ್ದಮ್ಮ ತೀರಿಕೊಂಡಳು. ಕಾಯಿಲೆ ಎಂದು ಮಲಗಿದವಳೇ ಅಲ್ಲ. ಇನ್ನಾಸಪ್ಪ ವಾಕಿಂಗ್ ಬಿಟ್ಟ. ಚರ್ಚಿಗೆ ಹೋಗುವುದನ್ನೂ ಬಿಟ್ಟ. ಪಾದ್ರಿಗಳು ಮನೆಗೆ ಬಂದು ಮಾತಾಡಿಸಿ ಹೋದರು. ಇವನು ಅವರಿಗೆ ಕುರ್ಚಿ ಹಾಕಿದ, ಅಷ್ಟೇ. ಈ ವರ್ಷ ಚನ್ನರಾಯಪಟ್ಟಣದಲ್ಲಿರುವ ಮಗಳು ಬಂದು ವರ್ಷದ ಪೂಜೆಗೆ ದಿನ ಗೊತ್ತುಮಾಡಿ ಹೋದಳು. ಸತ್ತವರ ಹೆಸರಿನಲ್ಲಿ ಚರ್ಚಿನಲ್ಲಿ ನಡೆಸುವ ಪ್ರಾರ್ಥನೆಗೆ ನಮ್ಮ ಕಡೆಯ ಕ್ರೈಸ್ತರೂ ಪೂಜೆ ಎಂದೇ ಅನ್ನುತ್ತಾರೆ. ಮಗಳು ಬಂದುಹೋದ ಮಾರನೆಯ ದಿನ ಇನ್ನಾಸಪ್ಪ ನಮ್ಮ ಮನೆಗೆ ಬಂದ.

"ಮೇಷ್ಟ್ರೇ, ಇಷ್ಟ್ ದಿನ ನೀವೂ ತಮಾಸೆ ಮಾಡುದ್ರಿ, ನಾನೂ ಮಾಡ್ದೆ. ಈಗ ತಮಾಸೆ ಬ್ಯಾಡ. ಯೇಸು ದಿಟವಾಗ್ಲೂ ಇದ್ನಾ? ಸತ್ತು ಎದ್ದಿದ್ದು ದಿಟವಾ? ಪಾದ್ರಿಗಳ್ನ ಕೇಳುದ್ರೆ ಊಂ ಅಂತಾರೆ, ಅದು ಅವ್ರ ಕೆಲ್ಸ. ನೀವು ಆಧಾರ ಇಲ್ದೆ ಮಾತಾಡಲ್ಲ, ಅದುಕ್ಕೇ ಕೇಳ್ತಾ ಇವ್ನಿ."

"ಈಗ್ಯಾಕಯ್ಯ ಇದು?" ಎಂದೆ.

"ಅವ್ನು ಎದ್ದಿದ್ರೆ ನಮ್ ಲೂರ್ದೂನೂ ಏಳ್ತಾಳೆ. ಇಲ್ದಿದ್ರೆ ಅವ್ಳು ಆ ಮಣ್ಣಾಗೇ ಓದ್ಲು, ಅಷ್ಟೆಯ. ವರ್ಸುದ ಪೂಜೇಲಿ ಸುಳ್‌ಸುಳ್ಳೇ ಮಂಡಿ ಊರಾಕೆ ನನ್ ಕೈಲಾಗಲ್ಲ."

ಜನ್ಮದಲ್ಲಿ ಮೊದಲ ಸಲ ಒಬ್ಬ ಮನುಷ್ಯ ನನ್ನ ಇತಿಹಾಸವನ್ನು ನಂಬಿ ಬಂದಿದ್ದ, ಅದೂ ಇಂಥ ವಿಷಯಕ್ಕೆ.

ಓದಿದೆ. ಲೈಬ್ರರಿಯಿಂದ ತಂದು ರಾಶಿ ಹಾಕಿಕೊಂಡು ಓದಿದೆ. ಹೊಯ್ಸಳರ ನೆರಳಲ್ಲೇ ಆಯುಸ್ಸು ಕಳೆದವನಿಗೆ ರೋಮನ್ನರ ಕಾಲ ಎಂದರೆ ದೂರದ ನೆಂಟರ ಮದುವೆಗೆ ಹೋದ ಹಾಗೆ. ಯಾರು ಯಾರಿಗೆ ಏನಾಗಬೇಕು ಎಂದು ತಿಳಿಯುವುದಕ್ಕೇ ವಾರ ಹಿಡಿಯಿತು. ಯೇಸು ತನ್ನ ಕೈಯಾರೆ ಒಂದಕ್ಷರ ಬರೆದಿಟ್ಟಿಲ್ಲ. ಅವನು ಬದುಕಿದ್ದಾಗಲೇ ಇನ್ನೊಬ್ಬರು ಬರೆದದ್ದೂ ಸಿಕ್ಕಿಲ್ಲ. ಇದರಿಂದ ನನಗೇನೂ ಆಶ್ಚರ್ಯವಾಗಲಿಲ್ಲ. ಒಬ್ಬ ಬಡಗಿಯ ಮಗ ಹಳ್ಳಿಹಳ್ಳಿ ತಿರುಗಿ ಮಾತಾಡಿದರೆ ಯಾವ ದೊರೆ ಶಾಸನ ಹಾಕಿಸುತ್ತಾನೆ? ನಮ್ಮ ಹೊಯ್ಸಳರ ಶಾಸನಗಳಲ್ಲೂ ದತ್ತಿ ಬಿಟ್ಟವರ ಹೆಸರು ಸಿಗುತ್ತದೆ, ಆ ಗದ್ದೆ ಉತ್ತವನ ಹೆಸರು ಸಿಗುವುದಿಲ್ಲ.

ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ಇನ್ನಾಸಪ್ಪನಿಗೆ ಒಪ್ಪಿಸಿದೆ. "ಯೇಸು ಇದ್ದ ಕಣಯ್ಯ, ಅದರಲ್ಲಿ ನನಗೆ ಅನುಮಾನ ಇಲ್ಲ. ಅವನು ಸತ್ತು ಇಪ್ಪತ್ತು ಮೂವತ್ತು ವರ್ಷದೊಳಗೆ ಅವನ ಕಡೆಯವನೊಬ್ಬ ಬರೆದ ಕಾಗದಗಳಿವೆ. ಯೇಸುವಿನ ತಮ್ಮನನ್ನು ಕಂಡು ಮಾತಾಡಿಸಿದೆ ಅಂತಾನೆ ಅವನು."

"ತಮ್ಮ ಅಲ್ಲ ಮೇಷ್ಟ್ರೇ, ದಾಯಾದಿ ಅಂತಾರೆ ನಮ್ಮಲ್ಲಿ" ಎಂದ ಇನ್ನಾಸಪ್ಪ. ಚರ್ಚು ಬಿಟ್ಟು ವರ್ಷವಾಗುತ್ತ ಬಂದಿದ್ದರೂ ಅದನ್ನು ಮಾತ್ರ ಬಿಟ್ಟುಕೊಡಲಿಲ್ಲ.

"ಆಯ್ತಪ್ಪ, ದಾಯಾದಿ. ಆಮೇಲೆ ಯಹೂದಿ ಇತಿಹಾಸಕಾರನೊಬ್ಬ, ರೋಮಿನವನೊಬ್ಬ, ಇವನ ಮೇಲೆ ಭಕ್ತಿಯೇ ಇಲ್ಲದವರೂ ಹೆಸರೆತ್ತಿದ್ದಾರೆ. ಶಿಲುಬೆಗೆ ಹಾಕಿದ್ದೂ ನಿಜ. ಕಟ್ಟುಕತೆ ಕಟ್ಟುವವನು ತನ್ನ ದೇವರನ್ನು ಕಳ್ಳಕಾಕರ ಜೊತೆ ನೇತುಹಾಕಿಸ್ತಾನಾ? ನಮ್ಮಲ್ಲಿ ವಂಶಾವಳಿ ಹೇಳ್ಕೊಳ್ಳೋರನ್ನ ನೋಡು, ಎಲ್ಲರ ಮುತ್ತಾತನೂ ಪಾಳೇಗಾರನೇ. ಒಬ್ಬನೂ ಜೈಲಲ್ಲಿ ಸತ್ತಿಲ್ಲ."

ಇನ್ನಾಸಪ್ಪನ ಮುಖ ಸ್ವಲ್ಪ ಅರಳಿತು. ನನಗೂ ಉಮೇದು ಬಂತು. ಖಾಲಿ ಸಮಾಧಿಯನ್ನು ಮೊದಲು ಕಂಡವರು ಹೆಂಗಸರು ಎಂದು ಬರೆದಿರುವುದನ್ನು ಹೇಳಿದೆ. ಆ ಕಾಲದಲ್ಲಿ ಹೆಂಗಸರ ಸಾಕ್ಷಿಗೆ ಬೆಲೆ ಕಡಿಮೆ. ಸುಳ್ಳೇ ಹೇಳುವುದಾಗಿದ್ದರೆ ನಾಲ್ಕು ಜನ ಗಂಡಸರ ಹೆಸರು ಹಾಕುತ್ತಿದ್ದರು ಎಂದು ವಾದಿಸುವ ವಿದ್ವಾಂಸರಿದ್ದಾರೆ, ಒಪ್ಪದವರೂ ಇದ್ದಾರೆ ಎಂದೆ.

"ಎಂಗಸ್ರೇ ಮೊದ್ಲು ಓಗಿದ್ದು" ಎಂದು ಅವನು ತನ್ನಷ್ಟಕ್ಕೆ ಹೇಳಿಕೊಂಡ. "ಸರಿ, ಎದ್ದಿದ್ದು?"

ಸಾಲಗಾಮೆ ದಾರಿಯ ಹೊಲವೊಂದರ ಬದುವಿನಲ್ಲಿ ಒಂದು ವೀರಗಲ್ಲಿದೆ, ನಾವಿಬ್ಬರೂ ಎಷ್ಟೋ ಸಲ ನೋಡಿದ್ದು. ಅದನ್ನು ನೆನಪಿಸಿದೆ. ಕೆಳಗಿನ ಸಾಲಿನಲ್ಲಿ ಆ ವೀರ ದನಗಳನ್ನು ಬಿಡಿಸಲು ಹೋರಾಡಿ ಸಾಯುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಮೇಲಕ್ಕೊಯ್ಯುತ್ತಾರೆ. ಮೇಲಿನ ಸಾಲಿನಲ್ಲಿ ಅವನು ಶಿವನ ಸನ್ನಿಧಿಯಲ್ಲಿ ಕೂತಿರುತ್ತಾನೆ. "ಕೆಳಗಿನ ಸಾಲಿಗೆ ನಾನು ಜವಾಬ್ದಾರ ಇನ್ನಾಸಪ್ಪ. ಮೇಲಿನ ಎರಡಕ್ಕೆ ಹೂಂ ಅನ್ನೋಕೂ ನನಗೆ ಅಧಿಕಾರ ಇಲ್ಲ, ಉಹೂಂ ಅನ್ನೋಕೂ ಇಲ್ಲ. ಅವನು ಎದ್ದದ್ದನ್ನ ಕಂಡ್ವಿ ಅಂತ ಅವನ ಜನ ನಂಬಿದ್ರು, ಆ ನಂಬಿಕೆಗಾಗಿ ಸಾಯೋಕೂ ತಯಾರಾದ್ರು. ಅಲ್ಲಿವರೆಗೆ ನಾನು ಬರ್ತೀನಿ. ಅದರಾಚೆಗೆ ಇತಿಹಾಸಕ್ಕೆ ದಾರಿ ಇಲ್ಲ."

ಅವನು ಬಗ್ಗಿ ಬೂಟಿನ ದಾರ ಬಿಗಿದುಕೊಂಡ. "ಅಂಗಾರೆ ನೀವು ಸಾಯೋಗಂಟ ಜೊತೇಲಿ ಬತ್ತೀರಿ. ಆಮ್ಯಾಕೆ ಕೈ ಬುಟ್‌ಬುಡ್ತೀರಿ" ಎಂದು ಎದ್ದು ಹೋದ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಸಾವಿತ್ರಿಗೆ ಹೇಳಿದಾಗ ಅವಳು ಕೈಲಿದ್ದ ಸೌಟನ್ನು ಕುಕ್ಕಿದಳು. "ಎದ್ದ ಅಂತ ಒಂದ್ ಮಾತು ಅಂದಿದ್ರೆ ನಿಮ್ಮ ಗಂಟೇನ್ ಓಗ್ತಿತ್ತು?" ಏನೂ ಹೋಗುತ್ತಿರಲಿಲ್ಲ. ಆದರೆ ನಾನು ಸುಳ್ಳು ಹೇಳುವುದಿಲ್ಲ ಎಂದು ನಂಬಿಯೇ ಅವನು ಬಂದದ್ದು. ಬಂದವನಿಗೆ ಸುಳ್ಳನ್ನೇ ಕೊಟ್ಟು ಕಳಿಸುವುದೆ? ಹೀಗೆ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಮಾಡಿದ್ದು ಸರಿ ಎಂದು ಗೊತ್ತಿದ್ದೂ ಅನ್ನ ರುಚಿಸಲಿಲ್ಲ.

ಅಷ್ಟರಲ್ಲಿ ಮಾರ್ಲಮಿ ಬಂತು, ಮಹಾಲಯ ಅಮಾವಾಸ್ಯೆ. ನಮ್ಮಲ್ಲಿ ಅವತ್ತು ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರು ಬದುಕಿದ್ದಾಗ ಏನೇನು ಇಷ್ಟಪಡುತ್ತಿದ್ದರೋ ಅದೆಲ್ಲ ಎಲೆಗೆ ಬರಬೇಕು. ನಮ್ಮಪ್ಪನಿಗೆ ಬಾಡಿನ ಸಾರು, ಮುದ್ದೆ, ಪಕ್ಕದಲ್ಲಿ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಅವ್ವನಿಗೆ ವಡೆ, ಕಜ್ಜಾಯ, ಹೊಸ ಸೀರೆ, ಎಲೆಯಡಿಕೆ. ಈ ಹಬ್ಬದ ಊಟಕ್ಕೆ ಇನ್ನಾಸಪ್ಪನ ಮನೆಯವರು ಪ್ರತಿ ವರ್ಷ ಬರುತ್ತಿದ್ದರು. ಈ ಸಲ ಅವನನ್ನು ಕರೆಯಲು ಸಾವಿತ್ರಿಯೇ ಹೋದಳು. ನಾನು ಕರೆದಿದ್ದರೆ ಬರುತ್ತಿದ್ದನೋ ಇಲ್ಲವೋ.

ಎಡೆಯ ಕೋಣೆಗೆ ಹೋಗಿ ನೋಡುತ್ತೇನೆ, ಅಪ್ಪ ಅವ್ವನ ಪಕ್ಕ ಇನ್ನೊಂದು ಎಲೆ. ಎಲೆಯ ತುಂಬ ಕಜ್ಜಾಯ, ಒಂದು ಲೋಟ ಕಾಫಿ, ಅರಿಶಿನ ಕುಂಕುಮ, ಮುಂದೆ ಬೋರಲು ಹಾಕಿದ ಬಟ್ಟಲಿನ ಮೇಲೊಂದು ಮೊಂಬತ್ತಿ.

"ಇದು ಯಾರಿಗೆ?"

"ಲೂರ್ದಕ್ಕಂಗೆ. ಅವ್ರಲ್ಲಿ ಮೊಂಬತ್ತಿ ಅಲ್ವಾ ಅಚ್ಚೋದು."

"ಅಲ್ಲ ಕಣೇ, ಕ್ರೈಸ್ತರಿಗೆ ನಾವು ಎಡೆ ಇಡೋದಕ್ಕೆ ಆಧಾರ..."

"ಓದ್ ವರ್ಸ ಇದೇ ದಿನ ಆ ಒಲೆ ಮುಂದೆ ಕೂತು ಕಜ್ಜಾಯ ಬೇಯ್ಸಿದ್ದು ಅವ್ಳು. ಈ ವರ್ಸ ಅವ್ಳಿಗಿಲ್ವಾ?"

ನಾನು ಅಪ್ಪನ ಎಲೆಯ ಪಕ್ಕದ ಬೆಂಕಿಪೊಟ್ಟಣ ತೆಗೆದು ಮೊಂಬತ್ತಿ ಹಚ್ಚಿದೆ.

ಎಡೆ ಇಟ್ಟು, ಧೂಪ ಹಾಕಿದ ಮೇಲೆ ಕೋಣೆಯ ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬರಬೇಕು. ಹಿರಿಯರು ಬಂದು ಸಂಕೋಚವಿಲ್ಲದೆ ಉಣ್ಣಲಿ ಎಂದು. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುತ್ತೇವೆ. ನಾವು ಜಗಲಿಗೆ ಬರುವ ಹೊತ್ತಿಗೆ ಇನ್ನಾಸಪ್ಪ ಬಂದು ಕೂತಿದ್ದ. ಇಸ್ತ್ರಿಯಿಲ್ಲದ ಅಂಗಿ, ಗಡ್ಡ ಬೆಳೆದಿತ್ತು.

"ಒಳಗೆ ನಿಮ್ಮಪ್ಪಾರು ಬಂದವ್ರಾ ಮೇಷ್ಟ್ರೇ?" ಎಂದು ಕೇಳಿದ.

"ಗೊತ್ತಿಲ್ಲ ಕಣಯ್ಯ."

"ಕಿಟಕಿ ತೆಗ್ದೇ ಐತಲ್ಲ. ಬಗ್ಗಿ ನೋಡುದ್ರೆ ಗೊತ್ತಾಯ್ತದೆ."

ಹೌದಲ್ಲ! ಕಿಟಕಿ ನನ್ನ ಹೆಗಲ ಪಕ್ಕದಲ್ಲೇ ಇತ್ತು, ಕತ್ತು ತಿರುಗಿಸಿದರೆ ಸಾಕು. ಎಷ್ಟು ಮಾರ್ಲಮಿಗಳು ಕಳೆದಿವೆ, ಉಪ್ಪಿಗೂ ಆಧಾರ ಕೇಳುವ ನಾನು ಒಂದು ಸಲವೂ ಇಣುಕಿರಲಿಲ್ಲ. ಒಳಗೆ ಯಾರೂ ಇರುವುದಿಲ್ಲ ಎಂಬ ಹೆದರಿಕೆಯಿಂದ ಅಲ್ಲ, ಅದಂತೂ ಆಣೆಯಿಟ್ಟು ಹೇಳಬಲ್ಲೆ. ಇಣುಕಬೇಕು ಎಂದೇ ನನಗೆ ಅನ್ನಿಸಿರಲಿಲ್ಲ.

"ಅಪ್ಪಂಗೆ ಉಣ್ಣುವಾಗ ಯಾರಾದರೂ ನೋಡ್ತಿದ್ರೆ ಅನ್ನ ಸೇರ್ತಿರಲಿಲ್ಲ" ಎಂದೆ. ಎಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಒಳಗೆ ಅಪ್ಪ ಚಕ್ಕಂಬಕ್ಕಳ ಹಾಕಿ ಕೂತಿದ್ದಾರೆ ಎನ್ನುವ ಹಾಗೇ ಹೇಳಿದ್ದೆ.

ಇನ್ನಾಸಪ್ಪ ನನ್ನನ್ನೇ ನೋಡಿದ. "ಇದುಕ್ಕೆ ಆಧಾರ?"

"ಇಲ್ಲ ಕಣಯ್ಯ. ಒಂದು ಚೂರೂ ಇಲ್ಲ."

ಅವನು ನಕ್ಕ. ಲೂರ್ದಮ್ಮ ಹೋದ ಮೇಲೆ ಅವನು ನಕ್ಕದ್ದನ್ನು ಕಂಡದ್ದು ಅದೇ ಮೊದಲು. ಆಗ ಸಾವಿತ್ರಿ, "ಅಣ್ಣಾ, ಲೂರ್ದಕ್ಕಂಗೂ ಒಂದ್ ಎಲೆ ಇಟ್ಟಿವ್ನಿ. ಕಜ್ಜಾಯ, ಕಾಪಿ. ಬಾಗ್ಲು ನೀನೇ ತೆಗಿ" ಎಂದಳು. ಅವನ ನಗು ಅಲ್ಲಿಗೇ ನಿಂತಿತು. ಎಷ್ಟು ಹೊತ್ತಾದರೂ ಏಳಲಿಲ್ಲ. ಪರರ ಆಚಾರಕ್ಕೆ ಸಿಕ್ಕಿಸಿದೆವೆಂದು ಬೇಸರವಾಯಿತೇನೋ ಎಂದು ನನಗೆ ಕಳವಳ.

ಆಮೇಲೆ ಎದ್ದ. ಅಂಗಿಯ ಗುಂಡಿ ಹಾಕಿಕೊಂಡ, ಕೈಯಲ್ಲೇ ತಲೆ ಬಾಚಿಕೊಂಡ. ಬಾಗಿಲ ಹತ್ತಿರ ಹೋಗಿ ಕೆಮ್ಮಿದ. ಮೆಲ್ಲಗೆ ತಟ್ಟಿದ.

"ಲೂರ್ದೂ... ಆಯ್ತೇನಮ್ಮೀ? ತೆಗೀಲಾ?"

ಕೇಳಿ, ಕಾದ. ಊಟದ ಮಧ್ಯೆ ಇರುವವರು ಕೈ ತೊಳೆದುಕೊಳ್ಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದ. ಸಾವಿತ್ರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಬಾಗಿಲು ತೆಗೆದಾಗ ಎಲೆಗಳು ಇಟ್ಟ ಹಾಗೇ ಇದ್ದವು. ಇತಿಹಾಸ ಓದಿದವನು ಅದನ್ನು ಮುಚ್ಚಿಡಬಾರದು. ಇನ್ನಾಸಪ್ಪ ಆ ಎಲೆಯ ಮುಂದೆಯೇ ಕೂತು ಕಜ್ಜಾಯ ತಿಂದ, ಆರಿದ ಕಾಫಿ ಕುಡಿದ. "ಸಕ್ರೆ ಕಮ್ಮಿ ಕಣವ್ವ. ಅವ್ಳಿಗೆ ಇನ್ನೊಂದ್ ಚಮಚ ಬೇಕು" ಎಂದು ಸಾವಿತ್ರಿಗೆ ಹೇಳಿದ.

ಮಾರನೆಯ ದಿನ ಅವನು ಪಾರ್ಕಿಗೆ ಬಂದ. ಎರಡು ಸುತ್ತು ಹಾಕಿದೆವು. ಆಮೇಲೆ, "ವರ್ಸುದ ಪೂಜೆಗೆ ನೀವಿಬ್ರೂ ಬರ್ಬೇಕು" ಎಂದ.

"ಮಂಡಿ ಊರ್ತೀಯೇನಯ್ಯ? ಸುಳ್ಳಾಗಲ್ವಾ?"

"ಅವ್ಳನ್ನ ಮಾತಾಡುಸ್ಬೇಕು ಮೇಷ್ಟ್ರೇ. ಅಲ್ಲಿ ಮಾತಾಡ್ಸೋ ಪದ್ದತಿ ಅಂಗೆಯ. ಅದ್ರಲ್ಲಿ ಸುಳ್ಳೇನ್ ಬಂತು? ಯೇಸು ಎದ್ದಿದ್ದು ಅವ್ನೇ ನೋಡ್ಕತಾನೆ ಬುಡಿ."

ಪೂಜೆಯ ದಿನ ನಾವು ಹಿಂದಿನ ಬೆಂಚಿನಲ್ಲಿ ಕೂತೆವು. ಎಲ್ಲರೂ ಎದ್ದಾಗ ಎದ್ದೆವು, ಕೂತಾಗ ಕೂತೆವು, ಪ್ರತಿ ಸಲವೂ ಸ್ವಲ್ಪ ತಡವಾಗಿ. ಇನ್ನಾಸಪ್ಪ ಮುಂದಿನ ಸಾಲಿನಲ್ಲಿ ಮಗಳ ಪಕ್ಕ ಮಂಡಿಯೂರಿದ್ದ, ಡ್ರಿಲ್ ಮೇಷ್ಟ್ರ ಬೆನ್ನು ನೆಟ್ಟಗಿತ್ತು. ತೀರಿಕೊಂಡವರಿಗಾಗಿ ಎಲ್ಲರೂ ಮೌನವಾಗಿ ಪ್ರಾರ್ಥಿಸಿ ಎಂದರು ಪಾದ್ರಿಗಳು. ನನಗೆ ಅವರ ಪ್ರಾರ್ಥನೆ ಬಾರದು, ನಮ್ಮದನ್ನು ಹೇಳಿದರೆ ಅಲ್ಲಿಗೆ ಸಲ್ಲುತ್ತದೆಯೋ ತಿಳಿಯದು. ತಲೆ ತಗ್ಗಿಸಿ ಕೂತೆ.

ಸಾವಿತ್ರಿ ಮೊಣಕೈಯಿಂದ ತಿವಿದಳು. "ತುಟಿ ಅಲ್ಲಾಡ್ತಾ ಐತೆ. ಯಾರ ಜೊತೆ ಮಾತಾಡ್ತಿದೀರಾ?"

"ಲೂರ್ದಮ್ಮನ ಜೊತೆ. ಇವನು ಮತ್ತೆ ವಾಕಿಂಗಿಗೆ ಬರ್ತಿದ್ದಾನೆ, ಯೋಚನೆ ಮಾಡಬೇಡ ಅಂತ."

ಅವಳು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು.

"ಅಂಗೇ ಬಿ.ಪಿ. ಮಾತ್ರೆ ನುಂಗ್ತಾವ್ನೆ ಅಂತ್ಲೂ ಏಳ್ಬುಡಿ."

ಹೇಳಿದೆ.