ನೋಯದ ಬೆರಳು

ನಂಜನಗೂಡಿನಿಂದ ನರಸೀಪುರದ ಆಸ್ಪತ್ರೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಡ್ರೆಸ್ಸಿಂಗ್ ರೂಮಿನ ನರ್ಸ್ ನಾನು. ಗಾಯ ತೊಳೆಯುವುದು, ಮುಲಾಮು ಹಚ್ಚುವುದು, ಬ್ಯಾಂಡೇಜು ಸುತ್ತುವುದು, ನಡುನಡುವೆ ಬೈಯುವುದು ನನ್ನ ಕೆಲಸ. ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್ ಮೆತ್ತಿಕೊಂಡು ಬರುವವರನ್ನು ಕಂಡರೆ ನನಗೆ ಸಿಟ್ಟು ತಡೆಯುವುದಿಲ್ಲ. ನಲ್ಲಿ ತಿರುಗಿಸಿ ಇಪ್ಪತ್ತು ನಿಮಿಷ ತಣ್ಣೀರು ಬಿಡಿ ಎಂದು ಹೇಳಿ ಹೇಳಿ ಗಂಟಲು ಕಟ್ಟಿದೆ.

ಒಂದು ಬೆಳಿಗ್ಗೆ ಬಂದವರು ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವವರು, ಐವತ್ತು ದಾಟಿದ ಮನುಷ್ಯ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಗಟ್ಟಿಯಾಗುವಾಗ ಬಲಗೈಯ ತೋರುಬೆರಳು, ನಡುಬೆರಳನ್ನು ತಣ್ಣೀರಿಗದ್ದಿ, ಚಕ್ಕನೆ ಒಂದಿಷ್ಟು ಪಾಕ ತೆಗೆದು, ಮತ್ತೆ ನೀರಿಗದ್ದಿ, ಹೆಬ್ಬೆರಳಿನಿಂದ ಉಜ್ಜಿ ಹದ ನೋಡುತ್ತಾರೆ. ಅವರು ಇಳಿಸಿ ಅಂದಾಗಲೇ ಇಳಿಸಬೇಕು. ಅವತ್ತು ಇಳಿಸುವಾಗ ಕೊಪ್ಪರಿಗೆ ಜಾರಿತ್ತು. ಅದನ್ನು ತಡೆಯಲು ಹೋಗಿ ಅದೇ ಬಲಗೈ ಕೊಟ್ಟಿದ್ದರು, ಪಾಕ ಕೈಮೇಲೆ ಚೆಲ್ಲಿತ್ತು. ಜೊತೆಯವರು ಅದು ಗಟ್ಟಿಯಾಗುವವರೆಗೆ ಕಾದು, ಅಚ್ಚಿನಿಂದ ಬೆಲ್ಲ ಬಿಡಿಸುವಂತೆ ಬಿಡಿಸಿದ್ದರು. ಚರ್ಮವೂ ಜೊತೆಗೇ ಬಂದಿತ್ತು.

“ಬೆಲ್ಲ ನೀರಲ್ಲಿ ಕರಗ್ತದೆ ಅಂತ ನಿಮ್ಗೆ ನಾನು ಹೇಳ್ಕೊಡ್ಬೇಕಾ ಅಣ್ಣಾ?” ಎಂದು ರೇಗಿದೆ. ಅವರು ತಲೆ ತಗ್ಗಿಸಿದರು. ನನಗೇ ಪಿಚ್ಚೆನಿಸಿತು.

ತೊಳೆದು ನೋಡಿದೆ. ಮುಂಗೈ ಬರೀ ಕೆಂಪಗಾಗಿತ್ತು, ಅದು ಸುಟ್ಟಗಾಯದ ಮೊದಲ ದರ್ಜೆ. ಅಂಗೈ ಮತ್ತು ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದು ನೀರು ಒಸರುತ್ತಿತ್ತು, ಅದು ಎರಡನೆಯದು. ಮೆಲ್ಲಗೆ ಒತ್ತಿದರೆ ಬಿಳುಚಿಕೊಂಡು, ಬಿಟ್ಟರೆ ಮತ್ತೆ ಕೆಂಪೇರುತ್ತಿತ್ತು. ಕೆಳಗೆ ರಕ್ತ ಓಡುತ್ತಿದೆ, ಚರ್ಮ ತಾನೇ ಬೆಳೆದುಕೊಳ್ಳುತ್ತದೆ ಎಂದು ಅರ್ಥ. ಅವರು ಕಿರುಚಿದ್ದು ಅಲ್ಲಿಯೇ. ತೋರುಬೆರಳು ಮತ್ತು ನಡುಬೆರಳು ಮಾತ್ರ ಸುಣ್ಣ ಬಳಿದಂತೆ ಬೆಳ್ಳಗೆ, ಒಣಗಿ ಗಡುಸಾಗಿದ್ದವು. ಒತ್ತಿದರೆ ಬಣ್ಣ ಬದಲಾಗಲಿಲ್ಲ, ಅವರು ಉಸಿರೂ ಎತ್ತಲಿಲ್ಲ.

ಜೊತೆಗೆ ಬಂದಿದ್ದ ಅವರ ಹೆಂಡತಿ ಕೈಮುಗಿದರು. “ಆ ಎಲ್ಡು ಬೆರ್ಳು ನೋಯ್ತಾನೇ ಇಲ್ವಂತೆ ಸಿಸ್ಟ್ರೇ. ಅವಾದ್ರೂ ಉಳ್ಕಂಡ್ವಲ್ಲ, ನಂಜುಂಡಪ್ಪ ಕಾಪಾಡ್ದ.”

ನೋವು ತಿಳಿಸುವ ನರಗಳೇ ಸುಟ್ಟುಹೋದರೆ ನೋವಿರುವುದಿಲ್ಲ. ಅದು ಮೂರನೆಯ ದರ್ಜೆ, ಮೂರರಲ್ಲಿ ಅದೇ ಆಳದ್ದು. ನಿಧಾನವಾಗಿ ಬಿಡಿಸಿ ಹೇಳಿದೆ. ಆಕೆ ಅಳತೊಡಗಿದರು. ಗಂಡ ಕೇಳಿದ್ದು ಒಂದೇ ಮಾತು: “ಇನ್ಮೇಲೆ ಪಾಕ ಗೊತ್ತಾಯ್ತದಾ?”

ಬೆರಳಿಗೆ ಗೊತ್ತಾಗದಿದ್ದರೆ ಅವರಿಗೆ ಆಲೆಮನೆಯಲ್ಲಿ ಬೇರೆ ಜಾಗವಿರಲಿಲ್ಲ.

ಡಾಕ್ಟರು ಅವತ್ತೇ ಮೈಸೂರಿಗೆ ಕಳಿಸಿದರು. ಅಲ್ಲಿ ತೊಡೆಯ ಚರ್ಮ ತೆಗೆದು ಬೆರಳಿಗೆ ಕೂರಿಸಿದರು. ಆಮೇಲಿನ ಡ್ರೆಸ್ಸಿಂಗಿಗೆ ನಮ್ಮಲ್ಲಿಗೆ ಬಂದಾಗ, “ಕೈಗಿಂತ ತೊಡೇನೇ ಉರೀತದೆ ಕಣಕ್ಕಾ, ಇದ್ಯಾವ ನ್ಯಾಯ?” ಎಂದು ಜಗಳಕ್ಕೇ ನಿಂತರು. ಚರ್ಮ ತೆಗೆದ ಜಾಗದಲ್ಲಿ ನರಗಳು ಜೀವಂತವಾಗಿರುತ್ತವೆ, ಉರಿಯದೆ ಇರುತ್ತದೆಯೇ! ಬೆರಳಿನ ಬಟ್ಟೆ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದೆ. ಈರುಳ್ಳಿಯ ಒಳಪೊರೆಯಷ್ಟು ತೆಳು ಚರ್ಮ, ತೊಡೆಯಲ್ಲಿ ಹುಟ್ಟಿದ್ದು, ಬೆರಳಿನ ರಕ್ತ ಕುಡಿದು ನಸುಗೆಂಪಾಗಿತ್ತು. ಎಷ್ಟು ಸಲ ಕಂಡರೂ ನನಗಿದು ಬೆರಗೇ. ಇಂಥದ್ದನ್ನು ನಾವು ಬೇಕಾದರೆ ಹೊಲಿಯಬಹುದು, ಮಾಡಲು ನಮ್ಮಿಂದಾಗದು.

ಆಮೇಲೆ ತಿಂಗಳಿಗೊಮ್ಮೆ ಅವರ ಕಣ್ಣು ಮುಚ್ಚಿಸಿ, ಸೂಜಿಯ ಮೊನೆಯನ್ನು ಬೆರಳ ಬುಡದಿಂದ ಮೇಲಕ್ಕೆ ಮುಟ್ಟಿಸುತ್ತಾ ಹೋಗುತ್ತಿದ್ದೆ. ಎಲ್ಲಿಯವರೆಗೆ ಹೂಂ ಅನ್ನುತ್ತಾರೋ ಅಲ್ಲಿಗೆ ಪೆನ್ನಿನಲ್ಲೊಂದು ಗೆರೆ. ಆ ಗೆರೆ ಒಂದು ತಿಂಗಳಿಗೆ ಅಕ್ಕಿಕಾಳಿನಷ್ಟು ಮೇಲೇರುತ್ತಿತ್ತು, ಇನ್ನೊಂದು ತಿಂಗಳು ಅಷ್ಟೂ ಇಲ್ಲ. ನರ ಕಾಣದೆ ಕತ್ತಲಲ್ಲಿ ದಾರಿ ಹುಡುಕಿಕೊಂಡು ಬರುತ್ತಿದೆ ಎಂದುಕೊಂಡರೆ ಮೈ ಜುಮ್ಮೆನ್ನುತ್ತಿತ್ತು. ನಡುಬೆರಳಿನಲ್ಲಿ ಅದು ಅರ್ಧಕ್ಕೇ ನಿಂತುಹೋಯಿತು. ನಾನು ತೋರುಬೆರಳಿನ ಮೇಲೇ ಆಸೆ ಇಟ್ಟುಕೊಂಡೆ.

ಮುಂದಿನ ವರ್ಷದ ಕಬ್ಬು ಅರೆಯುವ ಹೊತ್ತಿಗೆ ಒಂದು ದಿನ ಬಂದರು. ತೋರುಬೆರಳಿನ ತುದಿಗೆ ಮೊನೆ ತಾಗಿಸಿದೆ. ಮಾತಿಲ್ಲ. ಸ್ವಲ್ಪ ಒತ್ತಿದೆ.

“ಅಯ್ಯೋ, ಚುಚ್ಬ್ಯಾಡಿ ಸಿಸ್ಟ್ರೇ, ನೋಯ್ತದೆ!” ಎಂದು ಕೈ ಎಳೆದುಕೊಂಡರು. ಆಮೇಲೆ ಕಣ್ಣು ಬಿಟ್ಟು ಆ ಬೆರಳನ್ನೇ ನೋಡಿದರು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡರು. ನನಗೆ ನಂಬಿಕೆ ಬರಲಿಲ್ಲ. ಕೈ ಹಿಡಿದೆಳೆದು ಇನ್ನೊಂದು ಸಲ ಚುಚ್ಚಿದೆ. ಅವರು ನನ್ನನ್ನು ಬಾಯಿಗೆ ಬಂದಂತೆ ಬೈದರು. ನಾನು ನಗುತ್ತಾ, ಕಣ್ಣೊರೆಸಿಕೊಳ್ಳುತ್ತಾ ಬೈಸಿಕೊಂಡೆ.